ತವರಿನ ಹಸಿರು ಸೀರೆ

ಮಾಯವ್ವ ಸಕ್ರವ್ವನ ಹೆಣಕ್ಕೆ ನೀರೆರೆದು ಹೆರಳು ಹಾಕುತ್ತಿದ್ದಾಗ, ಓಣಿಯ ಹಿರಿಯ ಹುಲ್ಲಪ್ಪ ಹೊಸ್ತಿಲಲ್ಲಿ ನಿಂತು ಕೇಳಿದ.

"ಮುತ್ತೈದಿ ಸತ್ತಾಳ. ತವರಿನ ಹಸರ ಸೀರಿ ಎಲ್ಲಿ?"

"ಆಕಿಗೆ ತವರಾಗ ಯಾರದಾರ್ರಿ?" ಎಂದಳು ನೆರೆಯ ಶಾರವ್ವ. "ಮನ್ಯಾಗಿನ ಹಳೇದೊಂದು ಉಡಸೂಣು."

ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೂಡಿಸುತ್ತ, ಇಳಕಲ್ಲಿನ ಮಗ್ಗಗಳಿಗೆ ಮೂವತ್ತು ವರ್ಷ ಬೆರಳು ಸವೆಸಿದವಳು ಸಕ್ರವ್ವ. ಅವಳಿಗೇ ಕೊನೆಗೊಂದು ಹೊಸ ಸೀರೆಯಿಲ್ಲ.

*

ಏಳು ವರ್ಷದ ಹಿಂದೆ, ಎಪ್ಪತ್ತೊಂಬತ್ತರಲ್ಲಿ, ಹೆತ್ತ ಕೂಸು ತೀರಿಕೊಂಡ ಮೇಲೆ ಮಾಯವ್ವ ಮಾತು ಬಿಟ್ಟಿದ್ದಳು. "ಎಲ್ಲಾ ಸೋಗು. ಕೆಲಸ ಬ್ಯಾಡ, ಮಂದಿ ಬ್ಯಾಡ. ಬಿದ್ದಿರಲಿ, ತಾನ ನೆಟ್ಟಗ ಆಗ್ತಾಳ" ಎಂದು ಗಂಡ ಯಮನಪ್ಪ ಒಳಕೋಣೆಗೆ ಚಿಲಕ ಹಾಕಿದ. ಕೆಟ್ಟವನೇನಲ್ಲ, ಹೆಂಡತಿಯ ಒಳಗಿನದೂ ತನಗೇ ಗೊತ್ತೆಂದು ನಂಬಿದ್ದ ಮಹಾಶಯ.

ಹದಿನೈದನೇ ದಿನ ಸಕ್ರವ್ವ ಬಂದು ಚಿಲಕ ತೆಗೆದಳು. ಒಡಲಿನ ಎಳೆ, ಸೆರಗಿನ ಎಳೆ ಎರಡನ್ನೂ ಅವಳ ಕೈಗಿಟ್ಟು, "ಮಾತಾಡಬ್ಯಾಡ. ನನ್ನ ಕಣ್ಣು ಮಂಜಾಗ್ಯಾವ, ಇದನ್ನಷ್ಟು ಕೂಡಸು" ಎಂದಳು. ಕೊಂಡಿ ಹಾಕುತ್ತ ಹಾಕುತ್ತ, ಮೂರನೇ ಸೀರೆಯ ಹೊತ್ತಿಗೆ ಮಾಯವ್ವ ಗಳಗಳ ಅತ್ತಳು. ಬಾಗಲಕೋಟೆಯ ಡಾಕ್ಟರ ಹತ್ತಿರ ಕರೆದೊಯ್ದವಳೂ ಸಕ್ರವ್ವನೇ. "ಇದು ಜಡ್ಡವ್ವಾ, ನಿನ್ನ ತಪ್ಪಲ್ಲ" ಎಂದು ಬಸ್ಸಿನಲ್ಲಿ ಹೇಳಿದ್ದಳು. ಆ ಒಂದು ಮಾತಿನಿಂದ ಮಾಯವ್ವ ಬದುಕಿಕೊಂಡಳು.

*

ಮಾಯವ್ವ ಎದ್ದು ಮನೆಗೆ ನಡೆದಳು. ಮಗ್ಗದ ಮೇಲೆ ನೇಯ್ದು ಮುಗಿದ ಹಸಿರು ಸೀರೆಯಿತ್ತು. ಕತ್ತರಿ ಹಿಡಿದಾಗ ಯಮನಪ್ಪ ಅಡ್ಡ ಬಂದ.

"ಮತ್ತ ತಲಿ ಕೆಡ್ತೇನ? ಬಂಧು ಅಲ್ಲ, ಬಳಗ ಅಲ್ಲ. ಮಂದಿ ಏನಂದಾರು?"

"ಅನ್ನಲಿ. ನೀವು ಹಾಕಿದ ಚಿಲಕ ಆಕಿ ತಗದಳು. ಇವತ್ತ ಆಕಿಗೆ ನಾನ ತವರು."

ಯಮನಪ್ಪ ಪಕ್ಕಕ್ಕೆ ಸರಿದ. ಮಾಯವ್ವ ಸೀರೆ ಕತ್ತರಿಸಿಕೊಂಡು ಹೋಗಿ ತಾನೇ ನೆರಿಗೆ ಹಿಡಿದು ಉಡಿಸಿದಳು.

ಮಧ್ಯಾಹ್ನ ಹೆಣವನ್ನು ಕುಣಿಗೆ ಇಳಿಸಿದ ಮೇಲೆ, ಹುಲ್ಲಪ್ಪ ವಾಡಿಕೆಯಂತೆ ಕರೆದ.

"ತವರಿನವ್ರು ಮೊದಲ ಮಣ್ಣು ಕೊಡ್ರಿ."

ಮಾಯವ್ವ ಮುಂದೆ ಬಂದು ನಿಂತಳು. ಗಂಡಸರು ಮುಖ ಮುಖ ನೋಡಿಕೊಂಡರು. ಆಗ ಗುಂಪಿನಿಂದ ಯಮನಪ್ಪ ಬಂದು, ಕುಣಿಯ ಅಂಚಿನಲ್ಲಿ ಮೊಣಕಾಲೂರಿ, ಮಣ್ಣಿನ ಹೆಂಟೆಯನ್ನು ಅಂಗೈಯಲ್ಲಿ ಪುಡಿ ಮಾಡಿ, ಹೆಂಡತಿಯ ಬೊಗಸೆಗೆ ಸುರಿದ.