ಬೀರುವಿನ ಬಾಗಿಲ ಮೇಲೊಂದು ವೃತ್ತ

ಪ್ರವಾಹದ ನೀರು ಶಾಲೆಯೊಳಗೆ ನುಗ್ಗಿ ಬೆಂಚುಗಳನ್ನೆಲ್ಲ ಕೆಸರಲ್ಲಿ ಹೂತುಹಾಕಿದ ಮೇಲೆ ಗಣಿತದ ಮೇಷ್ಟ್ರು ಫೋನಿನಲ್ಲೇ ಪಾಠ ಮಾಡಬೇಕಾಯಿತು. ಮುಖ ಕಾಣುವ ಕರೆಗೆ ಅಲ್ಲಿನ ಸಿಗ್ನಲ್ ಸುತರಾಂ ಒಪ್ಪುತ್ತಿರಲಿಲ್ಲ. ಹೀಗಾಗಿ ಹತ್ತನೇ ತರಗತಿಯ ಮಕ್ಕಳೆಲ್ಲ ದಿನಾ ಬೆಳಗ್ಗೆ ಒಂದೇ ಕರೆಗೆ ಸೇರಿಕೊಂಡು, ಕಿವಿಯಲ್ಲೇ ಗಣಿತ ಕಲಿಯಬೇಕೆಂದು ತೀರ್ಮಾನವಾಯಿತು.

ಮೇಷ್ಟ್ರು ಅಷ್ಟಕ್ಕೆಲ್ಲ ಜಗ್ಗುವವರಲ್ಲ. ಹಜಾರದ ಬೀರುವಿನ ಬಾಗಿಲಿಗೆ ಕಪ್ಪು ಬಣ್ಣ ಬಳಿದರು, ಅದಕ್ಕಾಗಿ ಹೆಂಡತಿಯ ಕೈಲಿ ಚೆನ್ನಾಗಿ ಬೈಸಿಕೊಂಡರು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸೀಮೆಸುಣ್ಣ ಹಿಡಿದು ನಿಂತೇಬಿಟ್ಟರು. ಫೋನನ್ನು ಕುರ್ಚಿಯ ಮೇಲೆ ಕೂರಿಸಿ, ಅದಕ್ಕೆ ಬೆನ್ನು ಮಾಡಿ, ಅಚ್ಚುಕಟ್ಟಾದ ಒಂದು ವೃತ್ತ ಬರೆದು, ಸ್ಕೇಲಿನಿಂದ ಟಕಟಕ ತಟ್ಟುತ್ತಿದ್ದರು.

"ಎಲ್ರೂ ಇಲ್ಲಿ ನೋಡಿ. ಇದನ್ನ ಇದರಿಂದ ಭಾಗಿಸಿದ್ರೆ ಇದು ಬರುತ್ತೆ."

ಕುರ್ಚಿಯ ಮೇಲಿನ ಫೋನು ಬಹಳ ಶ್ರದ್ಧೆಯಿಂದ ನೋಡುತ್ತಿತ್ತು. ಮಕ್ಕಳಿಗೆ ಮಾತ್ರ ವೃತ್ತವೂ ಕಾಣದು, ಬೀರುವೂ ಕಾಣದು ಎಂಬ ಸಣ್ಣ ಸಂಗತಿ ಮೇಷ್ಟ್ರ ತಲೆಗೆ ಹೊಳೆಯಲೇ ಇಲ್ಲ. ಇಷ್ಟು ವರ್ಷ ಬೋರ್ಡಿನ ಮುಂದೆ ಪಳಗಿದ ನಾಲಿಗೆ ಅದು. ಫೋನು ಬಂತೆಂದು ತನ್ನ ಚಾಳಿ ಬಿಡುತ್ತದೆಯೇ?

ಅವರ ಕೊರಗೇ ಬೇರೆ ಇತ್ತು. ತರಗತಿಯಲ್ಲಿ ಅವರು "ಅರ್ಥ ಆಯ್ತಾ?" ಎಂದರೆ ಇಡೀ ಕೋಣೆ "ಆಯ್ತು ಸಾರ್!" ಎಂದು ಮಾಡು ಹಾರುವಂತೆ ಕೂಗುತ್ತಿತ್ತು. ಅದನ್ನು ಕೇಳದೆ ಮುಂದಿನ ಸಾಲಿಗೆ ಹೋಗಿ ಅವರಿಗೆ ಅಭ್ಯಾಸವಿರಲಿಲ್ಲ. ಈಗ ಮಕ್ಕಳೆಲ್ಲ ಗದ್ದಲವಾಗದಿರಲೆಂದು ತಮ್ಮ ಫೋನುಗಳನ್ನು ಮ್ಯೂಟ್ ಮಾಡಿಕೊಂಡಿದ್ದರು. ಮೇಷ್ಟ್ರು ಕೇಳುವುದು, ಕಾಯುವುದು, ಮತ್ತೆ ಕೇಳುವುದು. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಹೆಂಡತಿಗೆ ಎರಡನೇ ದಿನವೇ ಕರುಳು ಚುರುಕ್ ಎಂದಿತು. ಅಲ್ಲಿಂದಲೇ ದನಿ ಸಣ್ಣ ಮಾಡಿಕೊಂಡು, "ಆಯ್ತು ಸಾರ್" ಎಂದುಬಿಟ್ಟಳು. ಮೇಷ್ಟ್ರ ಮುಖ ಅರಳಿತು. ಪಾಠ ಮುಂದಕ್ಕೆ ಓಡಿತು. ಅಂದಿನಿಂದ ಅದು ಆಕೆಯ ನಿತ್ಯದ ಕೆಲಸವಾಯಿತು.

ಆದರೆ ಮಕ್ಕಳು ಒಬ್ಬೊಬ್ಬರಾಗಿ ಕರೆಯಿಂದ ಜಾರತೊಡಗಿದರು. ಅರ್ಧಕ್ಕರ್ಧ ಖಾಲಿಯಾದಾಗ ಮುಖ್ಯೋಪಾಧ್ಯಾಯಿನಿ ಫೋನು ಮಾಡಿದರು.

"ಮೇಷ್ಟ್ರೇ, ಪರೀಕ್ಷೆ ಹತ್ರ ಬಂತು. ಶನಿವಾರ ನಾನೂ ಕೂತು ಕೇಳ್ತೀನಿ. ಮಕ್ಕಳು ನಿಲ್ಲದಿದ್ರೆ ಈ ತರಗತಿನ ಬೇರೆಯವರಿಗೆ ಕೊಡದೆ ವಿಧಿಯಿಲ್ಲ. ತಪ್ಪು ತಿಳ್ಕೋಬೇಡಿ."

ಮೇಷ್ಟ್ರಿಗೆ ಅಂದು ಊಟ ಸೇರಲಿಲ್ಲ. ಆ ಮಕ್ಕಳನ್ನು ಎಂಟನೇ ತರಗತಿಯಿಂದ ಕೈಹಿಡಿದು ತಂದವರು ಅವರು. ದಡ ಮುಟ್ಟಿಸುವ ಹೊತ್ತಿಗೆ ಬೇರೆಯವರ ಕೈಗೆ ಕೊಡುವುದೆಂದರೆ ಅವರಿಗೆ ಸಹಿಸಲಾಗದ ಮಾತು. ಬಿಟ್ಟುಹೋದವರಲ್ಲಿ ಒಬ್ಬಳಿಗೆ ಫೋನು ಹಚ್ಚಿದರು. ಹಿಂದಿನ ಬೆಂಚಿನ ಹುಡುಗಿ, ಬಾಯಿ ಮುಚ್ಚದವಳೆಂದು ಎಲ್ಲರೂ ಗಿಲಕಿ ಎನ್ನುತ್ತಿದ್ದರು.

"ಯಾಕಮ್ಮ ಬರ್ತಿಲ್ಲ?"

"ಬಂದೇನು ಮಾಡ್ಲಿ ಸಾರ್? ಅದ್ಯಾರೋ ಹೊಸಬಳು ಸೇರ್ಕೊಂಡಿದಾಳಲ್ಲ, ನೀವು ಕೇಳೋದೇ ತಡ, ಆಯ್ತು ಸಾರ್ ಅಂತಾಳೆ. ಅವಳ ಮುಂದೆ ನಮಗೆ ತಿಳೀಲಿಲ್ಲ ಅನ್ನೋಕೆ ನಾಚಿಕೆ. ಅವಳೊಬ್ಳಿಗೇ ಹೇಳ್ಕೊಡಿ ಸಾರ್, ಅವಳು ಫಸ್ಟ್ ಬರ್ತಾಳೆ."

ಮೇಷ್ಟ್ರು ಫೋನಿಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತರು. "ಏನೇ, ನಿಂಗೆ ನಿಜವಾಗ್ಲೂ ಅರ್ಥ ಆಗ್ತಿತ್ತಾ?"

"ಅಯ್ಯೋ, ನಂಗೆಲ್ಲಿಂದ ಬರಬೇಕು? ನೀವು ಬಾಯಿ ಬಿಟ್ಕೊಂಡು ಕಾಯ್ತಿದ್ರಲ್ಲ, ಪಾಪ ಅನ್ನಿಸ್ತು."

ಶನಿವಾರ ಆಕೆ ತುಟಿ ಪಿಟಕ್ಕೆನ್ನಬಾರದೆಂದು ಮಾತಾಯಿತು. ಮೇಷ್ಟ್ರು ಎಲ್ಲರ ಮನೆಗೂ ಫೋನು ಮಾಡಿ, ಇದೊಂದು ದಿನ ಬನ್ನಿ ಎಂದು ಗೋಗರೆದಿದ್ದರಿಂದ ಮಕ್ಕಳೆಲ್ಲ ಬಂದರು. ಮುಖ್ಯೋಪಾಧ್ಯಾಯಿನಿಯೂ ಸೇರಿಕೊಂಡರು. ಮೇಷ್ಟ್ರು ಬೀರುವಿನ ಮೇಲೆ ವೃತ್ತ ಬರೆದು, "ಇದು ಇದರ ಮೂರು ಪಟ್ಟಿಗಿಂತ ಚೂರು ಜಾಸ್ತಿ, ಅರ್ಥ ಆಯ್ತಾ?" ಎಂದರು.

ಯಾರೂ ಉಸಿರೆತ್ತಲಿಲ್ಲ. ಮೇಷ್ಟ್ರು ಮತ್ತೆ ಕೇಳಿದರು. ಆ ಮೌನದಲ್ಲಿ ಗಂಡನ ಕೆಲಸ ಮುಳುಗುವುದು ಹೆಂಡತಿಗೆ ಅಡುಗೆಮನೆಯಿಂದಲೇ ಕೇಳಿಸಿತು. ಆಕೆಗೆ ತಡೆಯಲಾಗಲಿಲ್ಲ.

"ಇಲ್ಲ ಸಾರ್! ಒಂದಕ್ಷರ ಅರ್ಥ ಆಗಿಲ್ಲ! ಇದು ಅಂದ್ರೆ ಯಾವುದು? ಇದರ ಅಂದ್ರೆ ಯಾವುದರ? ಇಲ್ಲಿಗೆ ಬೀರು ಕಾಣುತ್ತಾ ಸಾರ್?"

ಮೇಷ್ಟ್ರ ಕೈಯ ಸ್ಕೇಲು ಗಾಳಿಯಲ್ಲೇ ನಿಂತಿತು. ಆಮೇಲೆ ಗಿಲಕಿಯ ದನಿ: "ನಂಗೂ ಇಲ್ಲ ಸಾರ್." ಅದರ ಹಿಂದೆ ಇನ್ನೊಬ್ಬ, ಮತ್ತೊಬ್ಬಳು, ಕೊನೆಗೆ ಇಡೀ ತರಗತಿ ಒಕ್ಕೊರಲಿನಿಂದ "ಇಲ್ಲ ಸಾರ್!" ಎಂದು ಕೂಗಿದ ರಭಸಕ್ಕೆ ಕುರ್ಚಿಯ ಮೇಲಿನ ಫೋನು ನಡುಗಿತು.

"ಯಾವಾಗಿಂದ ಅರ್ಥ ಆಗ್ತಿಲ್ಲ?" ಮೇಷ್ಟ್ರು ಸ್ಕೇಲು ಕೆಳಗಿಟ್ಟರು. "ಫೋನಲ್ಲಿ ಶುರು ಮಾಡಿದಾಗಿಂದಾನಾ?"

ಗಿಲಕಿಯೇ ಮೆಲ್ಲಗೆ ಹೇಳಿದಳು. "ಇಲ್ಲ ಸಾರ್. ಒಂಬತ್ತನೇ ಕ್ಲಾಸಿಂದ."

ಮೇಷ್ಟ್ರು ಕುರ್ಚಿಯಿಂದ ಫೋನನ್ನು ಎತ್ತಿಕೊಂಡು ತಾವೇ ಆ ಜಾಗದಲ್ಲಿ ಕೂತರು. ಬಹಳ ನೋವಾಯಿತು. ಆಶ್ಚರ್ಯದ ಮಾತೆಂದರೆ, ನೋವಿನ ಹಿಂದೆಯೇ ಒಂದು ಬಗೆಯ ನಿರಾಳವೂ ಬಂತು. ಫೋನನ್ನು ಬಾಯಿಯ ಹತ್ತಿರ ಹಿಡಿದರು.

"ಸರಿ. ಎಲ್ರೂ ಅಡುಗೆಮನೆಗೆ ಹೋಗಿ. ಒಂದು ದುಂಡು ತಟ್ಟೆ, ಒಂದು ಉದ್ದದ ದಾರ ತನ್ನಿ. ಒಂಬತ್ತನೇ ಕ್ಲಾಸಿಂದ್ಲೇ ಶುರು ಮಾಡೋಣ."

ಅಷ್ಟೂ ಮನೆಗಳ ಪಾತ್ರೆಗಳು ಒಟ್ಟಿಗೆ ಸದ್ದು ಮಾಡಿದವು. ಯಾರೂ ಕರೆ ಬಿಟ್ಟು ಹೋಗಲಿಲ್ಲ. ಗದ್ದಲದ ನಡುವೆ ಮುಖ್ಯೋಪಾಧ್ಯಾಯಿನಿಯ ದನಿ ಏದುಸಿರು ಬಿಡುತ್ತಾ ಬಂತು.

"ಒಂದ್ನಿಮಿಷ ತಡೀರಿ ಮೇಷ್ಟ್ರೇ, ನಂಗಿನ್ನೂ ದಾರ ಸಿಕ್ಕಿಲ್ಲ."