ಅತ್ತಿಗೆ ಹುಷಾರಾಗುವವರೆಗೆ

ಕೀಲುನೋವಿನ ಡಾಕ್ಟರು ಮಾತಿನಲ್ಲಿ ಬಲು ಜಿಪುಣರು. ಆವತ್ತು ಅವರಿಗೆ ಏನಾಗಿತ್ತೋ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಟೈಲರಮ್ಮನಿಗೆ ನೇರವಾಗಿ ಹೇಳಿಬಿಟ್ಟರು.

"ನೋಡಿಮ್ಮಾ, ಇದು ಬಂದು ಹೋಗೋ ಕಾಯಿಲೆ ಅಲ್ಲ. ಇದ್ದುಬಿಡೋ ಕಾಯಿಲೆ. ಹತೋಟೀಲಿ ಇಡಬಹುದು, ಓಡಿಸೋಕಾಗಲ್ಲ. ಮಾತ್ರೆ ಬಿಡಬೇಡಿ, ಕೆಲಸ ಬಿಡಬೇಡಿ. ಯಾವಾಗ ಹೋಗತ್ತೆ ಅಂತ ಕಾಯೋದು ಮಾತ್ರ ಬಿಟ್ಬಿಡಿ."

ಇಂಥ ಮಾತು ಕೇಳಿದವರು ಕುಸಿದು ಕೂರಬೇಕು ತಾನೇ? ಟೈಲರಮ್ಮ ಬಸ್‌ಸ್ಟಾಪಿಗೆ ಬಂದಳು, ಬೆಂಚಿನ ಮೇಲೆ ಕೂತಳು, ಅಳು ಬರಲಿ ಎಂದು ಕಾದಳು. ಅಳು ಬರಲಿಲ್ಲ, ಹೊಟ್ಟೆ ಚುರುಗುಟ್ಟಿತು. ಪಕ್ಕದ ಅಂಗಡಿಯಲ್ಲಿ ಒಂದು ಬನ್ನು ಕೊಂಡು ಪೂರ್ತಿ ತಿಂದಳು. ವರ್ಷಗಳಿಂದ ಅವಳು ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಹೊದಿಕೆಯೊಳಗೆ ಬೆರಳು, ಮಂಡಿ ಮಡಚಿ, ಇವತ್ತಾದರೂ ನೋವು ಹೋಗಿದೆಯಾ ಎಂದು ನೋಡಿಕೊಳ್ಳುತ್ತಿದ್ದಳು. ಹೋಗಿರುತ್ತಿರಲಿಲ್ಲ. ಹಾಸಿಗೆಯಿಂದ ಏಳುವ ಮೊದಲೇ ಆ ದಿನ ಸೋತಂತಾಗುತ್ತಿತ್ತು. ಇನ್ನು ಆ ಪರೀಕ್ಷೆ ಇಲ್ಲ. ಅಬ್ಬಾ, ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು. ಆದರೆ ಮನಸ್ಸು ಹಗುರವಾದದ್ದು ಸುಳ್ಳಲ್ಲ.

ಇದನ್ನು ಮನೆಯಲ್ಲಿ ಹೇಳುವುದು ಹೇಗೆ ಎಂಬುದೇ ತಲೆನೋವು. ಅವಳ ಅತ್ತೆ ಬಂಗಾರದಂಥ ಹೆಂಗಸು. ಆದರೆ ಅವರ ಕಿವಿಗೆ ಅಪಶಕುನದ ಮಾತು ಬೀಳುವಂತಿರಲಿಲ್ಲ. "ಇದು ವಾಸಿಯಾಗಲ್ವೇನೋ ಅತ್ತೆ" ಎಂದು ಬಾಯಿ ತೆರೆದರೆ ಸಾಕು, "ಬಿಡ್ತು ಅನ್ನು! ಮೊದಲು ಬಿಡ್ತು ಅನ್ನು!" ಎಂದು ಕೈಯಲ್ಲಿನ ಸೌಟಿನ ಸಮೇತ ಮೈಮೇಲೇ ಬರುತ್ತಿದ್ದರು. ಹೇಳಿಸುವ ತನಕ ಅಲ್ಲಿಂದ ಕದಲುತ್ತಿರಲಿಲ್ಲ. ಬಸ್ ಓಡಿಸುವ ಗಂಡನೋ, "ಆಗತ್ತೆ ಕಣೇ, ಆಗತ್ತೆ" ಎಂದು ಟಿವಿಯ ಸದ್ದು ಜೋರು ಮಾಡುತ್ತಿದ್ದ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ನಾದಿನಿಯಂತೂ ಕೇಳುವ ಮೊದಲೇ ಕಣ್ಣು ತುಂಬಿಕೊಂಡು ನಿಲ್ಲುತ್ತಿದ್ದಳು. ಹೇಳುವುದಾದರೂ ಯಾರಿಗೆ? ಆವತ್ತು ಮನೆಗೆ ಬಂದು, "ಮಾತ್ರೆ ಮುಂದುವರಿಸಿ ಅಂದ್ರು" ಎಂದಷ್ಟೇ ಹೇಳಿ ಸುಮ್ಮನಾದಳು.

ಮರುದಿನ ತಾನು ಹೊಲಿಗೆ ಕೆಲಸ ಮಾಡುವ ಲಾಂಡ್ರಿ ಅಂಗಡಿಯ ಹಿಂಬದಿಯಲ್ಲಿ ಯಾರದೋ ಪ್ಯಾಂಟಿನ ಜಿಪ್ ಬಿಚ್ಚುತ್ತಾ ಕೂತಿದ್ದಳು. ಇಸ್ತ್ರಿಯ ಹಬೆ ಬಡಿಯುವ ಆ ಮೂಲೆಯನ್ನು ಅವಳೇ ಕೇಳಿ ಪಡೆದಿದ್ದಳು. ಆ ಬಿಸಿಗೆ ಬೆರಳುಗಳು ಬೇಗ ಮಾತು ಕೇಳುತ್ತಿದ್ದವು. ಅಲ್ಲಿಗೆ ನಾದಿನಿಯನ್ನು ಮದುವೆಯಾಗಬೇಕಾಗಿದ್ದ ಹುಡುಗ, ಲಿಫ್ಟ್ ಮೆಕ್ಯಾನಿಕ್, ಹೆಲ್ಮೆಟ್ಟನ್ನು ಎದೆಗವಚಿಕೊಂಡು ಬಂದು ನಿಂತ. ಎರಡೂ ಮನೆಯವರು ಒಪ್ಪಿ ಎಷ್ಟೋ ಕಾಲವಾಗಿತ್ತು. ನಾದಿನಿಯೇ ಸ್ವಲ್ಪ ತಡೀರಿ, ಸ್ವಲ್ಪ ತಡೀರಿ ಎಂದು ದಿನ ತಳ್ಳುತ್ತಿದ್ದಳು. ಅವಳದು ವಿಪರೀತ ನಖರಾ ಎಂದು ಎಲ್ಲರೂ ಅಂದುಕೊಂಡಿದ್ದರು.

"ಅತ್ತಿಗೆ, ಒಂದು ಮಾತು ಕೇಳ್ಲಾ? ತಪ್ಪು ತಿಳ್ಕೋಬಾರ್ದು."

"ಕೇಳಪ್ಪ."

"ನೀವು ಯಾವಾಗ ಹುಷಾರಾಗ್ತೀರಾ?"

ಟೈಲರಮ್ಮನ ಕತ್ತರಿ ನಿಂತಿತು. "ಯಾಕಪ್ಪಾ, ಪ್ಯಾಂಟು ಅರ್ಜೆಂಟಾ?"

ಪಾಪ, ಹುಡುಗ ಕಿವಿಯವರೆಗೆ ಕೆಂಪಾದ. "ಅಯ್ಯೋ, ಅದಲ್ಲ ಅತ್ತಿಗೆ. ಕಂಪನಿಯವ್ರು ಬೇರೆ ಊರಿಗೆ ಹಾಕಿದಾರೆ. ಬರೋ ತಿಂಗಳು ಹೋಗ್ಲೇಬೇಕು. ಮದುವೆಯಾಗಿ ಇಬ್ರೂ ಹೋಗೋಣ ಅಂದ್ರೆ ಅವಳು ಆಗಲ್ಲ ಅಂತಾಳೆ. ಅತ್ತಿಗೆ ಹುಷಾರಾಗೋವರೆಗೆ ಮದುವೆ ಆಗಲ್ಲ ಅಂತ ದೇವರ ಹತ್ರ ಹರಕೆ ಹೊತ್ತಿದಾಳಂತೆ. ಮುರಿದ್ರೆ ನಿಮಗೆ ಜಾಸ್ತಿ ಆಗತ್ತೆ ಅಂತ ಹೆದರಿ ಸಾಯ್ತಾಳೆ. ನಿಮಗೆ ಹೇಳಬಾರ್ದು ಅಂತ ಆಣೆ ಬೇರೆ ಮಾಡಿಸ್ಕೊಂಡಿದ್ಲು. ಹೇಳ್ಬಿಟ್ಟೆ."

"ನೀನೇನಂದೆ?"

"ಕಾಯ್ತೀನಿ ಅಂದೆ. ಎಷ್ಟು ದಿನ ಅಂತ ಗೊತ್ತಾದ್ರೆ ಅನುಕೂಲ ಆಗ್ತಿತ್ತು." ಲಿಫ್ಟು ನಡುವೆ ಸಿಕ್ಕಿಕೊಂಡಾಗ ಒಳಗಿದ್ದವರಿಗೆ ಇನ್ನೆಷ್ಟು ಹೊತ್ತು ಎಂದು ಕೂಗಿ ಹೇಳಿ ಅಭ್ಯಾಸವಿದ್ದವನು ಅವನು.

ಅವನನ್ನು ಸಮಾಧಾನ ಮಾಡಿ ಕಳಿಸಿದ ಮೇಲೆ ಟೈಲರಮ್ಮನಿಗೆ ಮೊದಲು ಬಂದದ್ದು ಕೆಂಡದಂಥ ಸಿಟ್ಟು. ನನ್ನ ಮಂಡಿಗೆ ತನ್ನ ಬಾಳನ್ನೇ ಕಟ್ಟಿಹಾಕಿಕೊಂಡಿದ್ದಾಳಲ್ಲ, ಇವಳಿಗೆ ಬುದ್ಧಿ ಬೇಡವೇ! ಆಮೇಲೆ ಮರುಕ ಬಂತು. ತಾನು ಮದುವೆಯಾಗಿ ಬಂದ ಹೊಸತರಲ್ಲಿ ಎರಡು ಜಡೆ ಹಾಕಿಸಿಕೊಂಡು ತನ್ನ ಸೆರಗು ಹಿಡಿದು ಓಡಾಡಿದ ಹುಡುಗಿ ಅದು. ಹುಷಾರಾದೆ ಎಂದು ಸುಳ್ಳು ಹೇಳೋಣವೆಂದರೆ ಮೆಟ್ಟಿಲಿಳಿಯುವುದನ್ನು ನೋಡಿದವರಿಗೆ ತಿಳಿಯದೇ? ನಿಜ ಹೇಳೋಣವೆಂದರೆ ಬಿಡ್ತು ಅನ್ನಿಸಿ ಬಾಯಿ ಮುಚ್ಚಿಸುತ್ತಾರೆ. ಹೀಗೇ ಬಿಟ್ಟರೆ ಹುಡುಗ ಬೇರೆ ಊರಿಗೆ, ಇವಳು ಇಲ್ಲಿ ಮುದುಕಿಯಾಗುತ್ತಾಳೆ.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು, ಅತ್ತೆಯೇ ಮಾಡಿದ್ದು. ಸಂಜೆ ಊಟಕ್ಕೆ ಮುಂಚೆ ಎಲ್ಲರೂ ಮೇಜಿನ ಸುತ್ತ ಕಣ್ಣು ಮುಚ್ಚಿ ಕೂರಬೇಕು. ಒಬ್ಬೊಬ್ಬರಾಗಿ ದೇವರ ಹತ್ತಿರ ಗಟ್ಟಿಯಾಗಿ ಮಾತಾಡಬೇಕು. ಒಬ್ಬರು ಮಾತಾಡುವಾಗ ಇನ್ನೊಬ್ಬರು ತುಟಿ ಪಿಟಕ್ಕೆನ್ನುವಂತಿಲ್ಲ. "ಅವರು ಮಾತಾಡ್ತಿರೋದು ನಿಮ್ಮ ಹತ್ರ ಅಲ್ಲ" ಎಂಬುದು ಅತ್ತೆಯ ಕಟ್ಟಪ್ಪಣೆ. ಟೈಲರಮ್ಮ ಯಾವಾಗಲೂ "ಎಲ್ಲರನ್ನೂ ಚೆನ್ನಾಗಿಟ್ಟಿರಪ್ಪ" ಎಂದು ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದಳು. ಆವತ್ತು ಹಾಗೆ ಮುಗಿಸಲಿಲ್ಲ.

"ದೇವರೇ, ನನ್ನ ಕಾಯಿಲೆ ವಾಸಿಯಾಗಲ್ಲ ಅಂತ ನಿನ್ನೆ ಡಾಕ್ಟರು ಹೇಳಿದ್ರು."

ಎದುರಿನ ಕುರ್ಚಿ ಕಿರುಗುಟ್ಟಿತು. ಅತ್ತೆಯ ಬಾಯಿಂದ "ಬಿ..." ಎಂದಿಷ್ಟು ಹೊರಟು ಅಲ್ಲೇ ನಿಂತಿತು. ತಾವೇ ಮಾಡಿದ ಕಟ್ಟಳೆ, ಮುರಿಯುವುದು ಹೇಗೆ?

"ನನಗೇನೂ ಬೇಜಾರಾಗಿಲ್ಲ. ನಿಜ ಹೇಳ್ಬೇಕಂದ್ರೆ ಸಮಾಧಾನ ಆಯ್ತು. ಇಷ್ಟು ದಿನ ಮನಸ್ಸಲ್ಲಿ ನಿನ್ನ ಹತ್ರ ಬರೀ ಜಗಳ, ಇದನ್ನ ತೆಗಿ, ತೆಗಿ ಅಂತ. ಬೇರೆ ಮಾತೇ ಆಡಿರಲಿಲ್ಲ. ಇನ್ಮೇಲೆ ಅದನ್ನ ಕೇಳಲ್ಲ. ಬೆಳಿಗ್ಗೆ ಬೆರಳು ಸಡಿಲಾಗೋವರೆಗೆ ನನ್ನ ಜೊತೆ ಕೂತಿರು, ಸಾಕು. ಆಮೇಲಿಂದು ನಾನು ನೋಡ್ಕೋತೀನಿ. ಇನ್ನೊಂದು ವಿಷಯ. ಈ ಮನೇಲಿ ನನ್ನ ಹೆಸರಲ್ಲಿ ಯಾರ್ಯಾರು ಏನೇನು ಹರಕೆ ಹೊತ್ತಿದಾರೋ, ಎಲ್ಲಾ ಇಳಿಸ್ತಾ ಇದೀನಿ. ನನಗೋಸ್ಕರ ಹೊತ್ತಿದ್ದು ತಾನೇ, ಬೇಡ ಅನ್ನೋಕೂ ನನಗೇ ಹಕ್ಕಿದೆ. ಅವರ ಮೇಲೆ ಸಿಟ್ಟಾಗಬೇಡ, ಪ್ರೀತಿಯಿಂದ ಹೊತ್ತಿದ್ದು. ಆದ್ರೆ ಅವರು ಹೀಗೆ ಕಾಯ್ತಾ ಕೂತ್ರೆ ನನಗೆ ನೋವಿಗಿಂತ ಅದೇ ಭಾರ."

ಮುಂದಿನ ಸರದಿ ಗಂಡನದು. ಅವನು ಗಂಟಲು ಸರಿಮಾಡಿಕೊಂಡ.

"ದೇವರೇ, ನಾನು... ಬಸ್ ಓಡಿಸ್ತಾ ಹಾಡೋದು ಬಿಟ್ಟಿದ್ದೆ, ಇವಳು ಹುಷಾರಾಗೋವರೆಗೆ ಅಂತ. ನಿನಗೆ ಗೊತ್ತೇ ಇದೆ."

ಟೈಲರಮ್ಮ ಥಟ್ಟನೆ ಕಣ್ಣು ತೆರೆದಳು. ಇವನಿಗೆ ವಯಸ್ಸಾಯಿತು, ಅದಕ್ಕೇ ಹಾಡು ನಿಂತಿತು ಎಂದುಕೊಂಡಿದ್ದಳಲ್ಲ!

ಅತ್ತೆ ಮೂಗು ಒರೆಸಿಕೊಂಡರು. "ನಾನು ಸಕ್ಕರೆ ಬಿಟ್ಟಿದ್ದೆ. ಡಾಕ್ಟರು ಬೇಡ ಅಂದ್ರು ಅಂತ ಇವರಿಗೆಲ್ಲ ಸುಳ್ಳು ಹೇಳಿದ್ದೆ, ಕ್ಷಮಿಸಪ್ಪ. ನಾಳೆಯಿಂದ ಟೀಗೆ ಎರಡು ಚಮಚ ಹಾಕ್ಕೋತೀನಿ."

ಗಂಡನಿಗೆ ನಗು ತಡೆಯಲಾಗಲಿಲ್ಲ. ಕೆಮ್ಮಿದಂತೆ ಮಾಡಿದ.

ಉಳಿದವಳು ನಾದಿನಿ.

"ದೇವರೇ, ನನಗೆ ಹೆದರಿಕೆ ಆಗತ್ತೆ. ನಾನು ಮದುವೆಯಾಗಿ ಹೋದ್ಮೇಲೆ ಅತ್ತಿಗೆಗೆ ಜಾಸ್ತಿ ಆಗ್ಬಿಟ್ರೆ?"

ದೇವರ ಹತ್ತಿರ ಕೇಳಿದ ಪ್ರಶ್ನೆಗೆ ಮನುಷ್ಯರು ಉತ್ತರ ಕೊಡುವಂತಿರಲಿಲ್ಲ. ಟೈಲರಮ್ಮ ಅತ್ತೆಯ ಮುಖ ನೋಡಿದಳು, ತುಟಿ ಕಚ್ಚಿದಳು, ಆಮೇಲೆ ಆಗಿದ್ದಾಗಲಿ ಎಂದು ಬಾಯಿಬಿಟ್ಟಳು.

"ಆಗತ್ತೆ ಕಣೇ. ಕೆಲವು ದಿನ ಜಾಸ್ತಿ ಆಗತ್ತೆ, ಕೆಲವು ದಿನ ಕಮ್ಮಿ ಆಗತ್ತೆ. ನೀನು ಇಲ್ಲಿದ್ರೂ ಅಷ್ಟೇ, ಹೋದ್ರೂ ಅಷ್ಟೇ. ನಿನ್ನಿಂದ ಬಂದಿದ್ದೂ ಅಲ್ಲ, ನಿನ್ನ ಮದುವೆಯಿಂದ ಹೆಚ್ಚೋದೂ ಅಲ್ಲ. ಜಾಸ್ತಿಯಾದ ದಿನ ಫೋನ್ ಮಾಡ್ತೀನಿ. ಅಳಬೇಡ, ಏನಾದ್ರೂ ಹೇಳಿ ನಗಿಸು."

ಅತ್ತೆ ಗದರಲಿಲ್ಲ. ಕಣ್ಣು ಮುಚ್ಚಿಕೊಂಡೇ ಕೈ ಚಾಚಿ ಮಗಳ ಬೆನ್ನು ಸವರಿದರು. ನಾದಿನಿ ಬಿಕ್ಕಿದಳು, ಮುಖ ಒರೆಸಿಕೊಂಡಳು, ಮತ್ತೆ ನೆಟ್ಟಗೆ ಕೂತಳು.

"ದೇವರೇ," ಎಂದಳು, "ಹಾಗಾದ್ರೆ ನಾನು ಹೋಗಿ ಬರ್ತೀನಿ."

ಅಲ್ಲಿಗೆ ಪ್ರಾರ್ಥನೆ ಮುಗಿಯಿತು. ನಾದಿನಿ ಫೋನ್ ಹಿಡಿದು ಒಳಗೆ ಓಡಿದಳು. ಟೈಲರಮ್ಮ ತಟ್ಟೆ ತರಲೆಂದು ಮೇಜಿಗೆ ಕೈಯೂರಿ ಏಳಹೋದಳು. ಮಂಡಿ ಚುಳ್ಳೆಂದಿತು. ಬೇರೆ ದಿನವಾಗಿದ್ದರೆ ಹಲ್ಲು ಕಚ್ಚಿ ನುಂಗಿಕೊಳ್ಳುತ್ತಿದ್ದಳು.

"ಅಮ್ಮಾ, ನೋಯತ್ತೆ!" ಎಂದು ಬೀದಿಗೆ ಕೇಳುವಂತೆ ನರಳಿದಳು.

"ನೋಯತ್ತೆ ಕಣೇ, ನೋಯದೇ ಏನು," ಎಂದರು ಅತ್ತೆ, ಏಳುತ್ತಾ. "ನೀನು ಕೂತ್ಕೋ. ತಟ್ಟೆ ನಾನಿಡ್ತೀನಿ."