‘ಹೋಗ್ತೇನಿ’ ಬಟನ್

ಕಾಗದ ರಾಧಾಬಾಯಿಯ ಮೇಜಿನ ಮೇಲಿತ್ತು. ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ ಎಂದು ಬರೆದಿತ್ತು. ಓದಿದ ಗೌತಮಿಗೆ ಮೈಯೆಲ್ಲ ಉರಿದುಹೋಯಿತು.

ವಿಜಯಪುರದ ಈ ಆಫೀಸಿಗೆ ತಿಕೋಟಾ, ಬಬಲೇಶ್ವರ ಕಡೆಯ ರೈತರು ದನದ ಡಾಕ್ಟರನ್ನು ಕರೆಸಲು ಫೋನ್ ಮಾಡುತ್ತಾರೆ. ಫೋನ್ ಎತ್ತುವವರು ಮೂವರು: ಗೌತಮಿ, ರಾಧಾಬಾಯಿ, ಅನೂಪ. ಕುರ್ಚಿಯಲ್ಲಿ ಇಬ್ಬರಿಗಿಂತ ಕಡಿಮೆಯಾದರೆ ಮ್ಯಾನೇಜರ್ ಸುಶೀಲೇಂದ್ರನ ಮೊಬೈಲಿಗೆ ತಾನಾಗಿಯೇ ಎಚ್ಚರಿಕೆ ಹೋಗುವಂಥ ಏರ್ಪಾಡನ್ನು ಆತ ಎರಡು ತಿಂಗಳ ಹಿಂದೆ ಮಾಡಿಸಿದ್ದ. ಕೂತಾಗ ಕಂಪ್ಯೂಟರಿನಲ್ಲಿ ಒಂದು ಬಟನ್ ಒತ್ತಬೇಕು, ಎದ್ದಾಗ ಇನ್ನೊಂದು. ನಮ್ಮ ಭಾಷೆಯಲ್ಲೇ ಇರಲಿ ಎಂದು ಅವುಗಳ ಮೇಲೆ ತಾನೇ ಬರೆಸಿದ್ದ: ‘ಕುಂತೇನಿ’, ‘ಹೋಗ್ತೇನಿ’.

ಈ ಸೀಮೆಯಲ್ಲಿ ‘ಬರ್ತೇನಿ’ ಅನ್ನದೆ ಯಾರು ಎದ್ದಾರು? ಹೋಗ್ತೇನಿ ಅಂದವರು ಹೋಗಿಯೇ ಬಿಟ್ಟರೆ? ರಾಧಾಬಾಯಿಯ ಗಂಡ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ. ಆಕೆ ಆ ಬಟನ್ ಮುಟ್ಟಲೇ ಇಲ್ಲ. ಅನೂಪ ನಕ್ಕು ಬಿಟ್ಟುಬಿಟ್ಟ. ಯಾರೂ ಒತ್ತುತ್ತಿಲ್ಲ, ಶಬ್ದ ಬದಲಿಸಿ ಎಂದು ಗೌತಮಿ ಎರಡು ಸಲ ಹೇಳಿದ್ದಳು, ಒಮ್ಮೆ ಬರೆದೂ ಕೊಟ್ಟಿದ್ದಳು. ಓದಿದವರಿಗೆ ಇಂಥ ಮೂಢನಂಬಿಕೆ ಇರಬಾರದೆಂದು ಸುಶೀಲೇಂದ್ರ ಅರ್ಧ ತಾಸು ಉಪದೇಶ ಮಾಡಿದ. ಶಬ್ದ ಇದ್ದಲ್ಲೇ ಇತ್ತು.

ನಿನ್ನೆ ಮಧ್ಯಾಹ್ನ ಆತನೇ ಗೌತಮಿಯನ್ನು ಬಬಲೇಶ್ವರದ ಸಭೆಗೆ ಅಟ್ಟಿದ. ಅನೂಪ ಊಟಕ್ಕೆಂದು ಹೊರಗೆ ಹೋದ. ಅವನು ಒಳಕೋಣೆಯಲ್ಲೇ ಉಣ್ಣುತ್ತಿದ್ದಾನೆಂದು ತಿಳಿದು ರಾಧಾಬಾಯಿ ಗಂಡನಿಗೆ ಗುಳಿಗೆ ಕೊಡಲು ಮನೆಗೆ ಓಡಿದಳು. ಮೂವರೂ ಬಾಯಲ್ಲಿ ‘ಬರ್ತೇನಿ’ ಅಂದಿದ್ದರು, ಬಟನ್ ಯಾರೂ ಒತ್ತಿರಲಿಲ್ಲ. ಕಂಪ್ಯೂಟರಿನ ಪಾಲಿಗೆ ಮೂವರೂ ಕೂತೇ ಇದ್ದರು, ಎಚ್ಚರಿಕೆ ಹೋಗಲಿಲ್ಲ. ಕಳ್ಳಕವಟಗಿಯ ಗುರಲಿಂಗಪ್ಪ ನಲವತ್ತು ನಿಮಿಷ ಫೋನ್ ಕಿವಿಗೆ ಹಿಡಿದು ನಿಂತ. ಕರು ಅಡ್ಡ ಸಿಕ್ಕಿಕೊಂಡಿದ್ದ ಅವನ ಎಮ್ಮೆ ಅಷ್ಟರಲ್ಲಿ ಸತ್ತಿತು. ಕರುವೂ ಉಳಿಯಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ತಪ್ಪಿದವರು ಮ್ಯಾನೇಜರನೂ ಸೇರಿ ನಾಲ್ವರು, ಕಾಗದ ಬಂದದ್ದು ತಿರುಗಿ ಮಾತಾಡದ ರಾಧಾಬಾಯಿಗೆ. ಆ ಮನೆ ನಡೆಯುವುದೇ ಆಕೆಯ ಪಗಾರದಿಂದ. ಗೌತಮಿ ಕಾಗದ ಹಿಡಿದು ಮ್ಯಾನೇಜರನ ಮುಂದೆ ನಿಂತಳು.

“ನಾನೂ ಒತ್ತಿಲ್ರಿ. ನನಗೂ ಒಂದು ಕಾಗದ ಕೊಡ್ರಿ.”

ಒಂದು ಶಬ್ದಕ್ಕೆ ಹೆದರುವವರನ್ನು ಇಟ್ಟುಕೊಂಡು ಆಫೀಸು ನಡೆಸಲಾಗದು ಎಂದ ಸುಶೀಲೇಂದ್ರ. ಗುರಲಿಂಗಪ್ಪನನ್ನು ಸಮಾಧಾನ ಮಾಡಲು ಕಳ್ಳಕವಟಗಿಗೆ ಹೊರಟಿದ್ದ, ಕೈಯಲ್ಲಿ ಕಾರಿನ ಕೀಲಿ ಇತ್ತು. ಬಾಗಿಲಲ್ಲಿ ತಿರುಗಿ ನೋಡಿ, ರೂಢಿಯಂತೆ, “ಬರ್ತೇನಿ” ಅಂದ.

“ಹಂಗ ಅನಬ್ಯಾಡ್ರಿ ಸರ್,” ಎಂದಳು ಗೌತಮಿ. “ಹೋಗ್ತೇನಿ ಅನ್ರಿ. ಒಂದ ಶಬ್ದ ಅಲ್ಲೇನ್ರಿ?”

ಸುಶೀಲೇಂದ್ರ ಬಾಯಿ ತೆರೆದ. “ಹೋ...” ಎಂದವನು ಕೈಯಲ್ಲಿದ್ದ ಕಾರಿನ ಕೀಲಿ ನೋಡಿದ. ಮೂಲೆಯ ಕುರ್ಚಿಯಿಂದ ರಾಧಾಬಾಯಿ ಗಾಬರಿಯಾಗಿ ಎದ್ದು ನಿಂತಳು.

“ಬ್ಯಾಡ್ರಿ ಸರ್, ಅನಬ್ಯಾಡ್ರಿ. ಗಾಡಿ ತಗೊಂಡು ಹೊಂಟೀರಿ.”

ಆತ ತಲೆ ತಗ್ಗಿಸಿ ಒಳಗೆ ಬಂದು, ಗೌತಮಿಯ ಕೈಯಿಂದ ಕಾಗದ ತೆಗೆದುಕೊಂಡು ಹರಿದ. ನಾಳೆ ಶಬ್ದ ಬದಲಿಸುತ್ತೇನೆ ಎಂದ.

“ನಾಳೆ ಅಲ್ರಿ,” ಎಂದಳು ಗೌತಮಿ. “ಗುರಲಿಂಗಪ್ಪನ ಮುಂದ ಹೋಗಿ ನಿಂದರೂದಕ್ಕಿಂತ ಮೊದಲ.”

ಸುಶೀಲೇಂದ್ರ ಕೀಲಿಯನ್ನು ಮೇಜಿನ ಮೇಲಿಟ್ಟು ಕಂಪ್ಯೂಟರಿನ ಮುಂದೆ ಕೂತ.